ಊರು ಬಿಡುವ ಕಾರ್ಡು

ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲು. ಸರಳಜೀವಿ, ಜನಾನುರಾಗಿ ಎಂದೆಲ್ಲ ಇತ್ತು. ಸತ್ತವರೆಲ್ಲ ಸರಳಜೀವಿಗಳೇ. ಅವರು ಏನು ಮಾಡುತ್ತಿದ್ದರು ಅನ್ನುವುದು ಮಾತ್ರ ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ಅವರು ಕಾರ್ಡು ಬರೆಯುತ್ತಿದ್ದರು.

ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಮಕ್ಕಳು ನನ್ನನ್ನು ಸಭೆಗೆ ಕರೆದು ಶಾಲು ಹೊದಿಸುತ್ತಾರೆ, ಅವರ ಎದುರಾಳಿಗಳ ಮಕ್ಕಳು ಜಗಳಕ್ಕೆ ಬರುತ್ತಾರೆ. ಎರಡೂ ನನಗೆ ಒಗ್ಗದ ಬಾಬತ್ತು. ಆಗ ನಮ್ಮ ಕಡೆ ಶಾಸಕರು ಅನ್ನುವ ಮಾತು ಪುಸ್ತಕದಲ್ಲಿತ್ತೇ ಹೊರತು ಜನರ ಬಾಯಲ್ಲಿರಲಿಲ್ಲ. ಮುಂಬಯಿ ರಾಜ್ಯದಲ್ಲಿದ್ದಾಗಿನ ರೂಢಿಯಂತೆ ಆಮದಾರರು ಅನ್ನುತ್ತಿದ್ದೆವು. ನಾವು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾದರೂ ಅದು ಹೋಗಿರಲಿಲ್ಲ. ನಾನೂ ಹಾಗೇ ಅನ್ನುತ್ತೇನೆ.

ಬೆಂಗಳೂರಿನಲ್ಲಿ ಅಧಿವೇಶನ ನಡೆದಾಗ ಆಮದಾರರು ತಮ್ಮ ಮತಕ್ಷೇತ್ರದ ಒಂದೊಂದು ಊರಿಗೂ ಒಂದೊಂದು ಪೋಸ್ಟ್ ಕಾರ್ಡು ಹಾಕುತ್ತಿದ್ದರು. ಮೂಡಲಗಿ ಕಡೆಯ ಊರುಗಳಿಗೆ, ಹುಕ್ಕೇರಿ ಕಡೆಯ ಹೊಳೆಸಾಲಿನ ಊರುಗಳಿಗೆ. ವಿಳಾಸ ಗೌಡರ ಹೆಸರಿಗಲ್ಲ, ಶಾಲೆಯ ಮಾಸ್ತರರ ಹೆಸರಿಗೆ. ಹೆಣ್ಣುಮಗಳು ಕಲಿಸುವಲ್ಲಿ ಅಕ್ಕೋರ ಹೆಸರಿಗೆ. ಗೌಡರಿಗೆ ಬರೆದ ಸುದ್ದಿ ಗೌಡರ ಕಿಸೆಯಲ್ಲಿ ಉಳಿಯುತ್ತದೆ, ಶಾಲೆಗೆ ಬರೆದದ್ದು ಹಲಗೆಯ ಮೇಲೆ ಬರುತ್ತದೆ ಎಂಬುದು ಅವರ ವಿಚಾರ. ಕಾರ್ಡು ಬಂದ ದಿನ ಸಂಜೆ ಚಾವಡಿಯ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಚಾವಡಿಯ ಗೋಡೆಗೆ ನೇತುಹಾಕಿದ ಕರಿಹಲಗೆಯ ಮೇಲೆ ಬರೆಯಬೇಕು. ಮುಂದಿನ ಕಾರ್ಡು ಬರುವವರೆಗೆ ಅಳಿಸಬಾರದು.

ನಾನು ಗೋಕಾಕದವಳು. ಹುಕ್ಕೇರಿ ತಾಲೂಕಿನ ಹೊಳೆದಂಡೆಯ ಒಂದು ಊರಿಗೆ ಅಕ್ಕೋರಾಗಿ ಹೋದೆ. ಒಂದೇ ಕೋಣೆಯ ಶಾಲೆ, ನಾನೊಬ್ಬಳೇ. ನಾನು ಹೋದ ತಿಂಗಳಲ್ಲೇ ಮೊದಲ ಕಾರ್ಡು ಬಂತು. ‘ಹುಕ್ಕೇರಿ ದವಾಖಾನಿಗೆ ಡಾಕ್ಟರ ಬೇಕು ಅಂತ ಕೇಳಿದೆ. ಮಂತ್ರಿಗಳು ನೋಡೋಣ ಅಂದರು. ನೋಡೋಣ ಅಂದರೆ ಇಲ್ಲ. ತುಕ್ಕಾನಟ್ಟಿಗೆ ದನಗಳ ಸೂಜಿ ಮಾಡುವವರು ಬಂದು ಹೋದರು. ನಿಮ್ಮಲ್ಲಿಗೆ ಬರುವ ಗುರುವಾರ. ಎತ್ತು ಮೇಯಲು ಬಿಡಬೇಡಿರಿ. ಕುಲಗೋಡಕ್ಕೆ ಮುಂಜಾನೆಯ ಬಸ್ಸು ಸುರು ಆಯಿತು.’

ಕುಲಗೋಡದ ಬಸ್ಸು ಕಟ್ಟಿಕೊಂಡು ನಮಗೇನು ಎಂದು ಮುಂದೊಮ್ಮೆ ಆಮದಾರರನ್ನೇ ಕೇಳಿದ್ದೆ. “ಹೊಟ್ಟಿಕಿಚ್ಚ ಬರಲಿ ಅಂತ ಬರದೇನ್ರಿ. ಹೊಟ್ಟಿಕಿಚ್ಚ ಬಂದ್ರ ಮಂದಿ ಅರ್ಜಿ ಬರೀತಾರ. ಅರ್ಜಿ ಇದ್ರ ನನಗ ಅಲ್ಲಿ ನಿಂತು ಕೇಳಾಕ ಬರತೈತಿ” ಅಂದರು.

ಕಾರ್ಡಿನ ಸುದ್ದಿ ಚೆನ್ನಾಗಿತ್ತು, ಕಾಗುಣಿತ ದೇವರಿಗೇ ಪ್ರೀತಿ. ಅವರದು ಜೈನ ಒಕ್ಕಲುತನದ ಮನೆ. ಹೊಲದಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಓದಿದ್ದು ಮರಾಠಿ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ವಿಧಾನಸಭೆ ಅವರ ಕೈಯಲ್ಲಿ ‘ವಿದಾನಸಬೆ’ ಆಗುತ್ತಿತ್ತು, ಬಹಳ ಹೋಗಿ ‘ಭಹಳ’ ಆಗುತ್ತಿತ್ತು. ಮೇಲೆ ಕೊಟ್ಟದ್ದು ನಾನು ತಿದ್ದಿದ ರೂಪ. ನಾನು ಆಗ ಹೊಸ ಅಕ್ಕೋರು, ಮೂಗಿನ ತುದಿಯಲ್ಲಿ ಸಿಟ್ಟು. ಕೆಂಪು ಶಾಯಿಯಲ್ಲಿ ಕಾರ್ಡು ತಿದ್ದಿ, ಹತ್ತಕ್ಕೆ ನಾಲ್ಕು ಎಂದು ಬರೆದು, ಲಕೋಟೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಿಬಿಟ್ಟೆ. ಟಪಾಲಿನವನು ಚೀಲ ಹೊತ್ತು ಹೋದ ಮೇಲೆ ಬುದ್ಧಿ ಬಂತು. ಆಮದಾರರು ಮನಸ್ಸು ಮಾಡಿದರೆ ನನ್ನನ್ನು ಯಾವ ಕಾಡಿಗೆ ಬೇಕಾದರೂ ಎಸೆಯಬಹುದಿತ್ತು.

ತಿಂಗಳು ಬಿಟ್ಟು ಅವರೇ ಬಂದರು. ಕುಳ್ಳಗಿನ ಆಳು, ಬಿಳಿ ಟೋಪಿ, ಹೆಗಲಿಗೆ ಖಾದಿ ಚೀಲ. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳಿದರು.

“ನಾಕ ಮಾರ್ಕ ಕೊಟ್ಟ ಅಕ್ಕೋರು ನೀವ ಏನ್ರಿ?”

“ಹೌದ್ರಿ” ಅಂದೆ.

“ಪಾಸಾಗಾಕ ಎಷ್ಟ ಬೇಕ್ರಿ?”

“ನಾಕು ಸಾಕ್ರಿ.”

“ಹಂಗಾರ ಪಾಸಾದ್ನಿ” ಎಂದು ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತರು. ಅಂದಿನಿಂದ ಪ್ರತಿ ಕಾರ್ಡನ್ನೂ ತಿದ್ದಿ ಮಾರ್ಕು ಹಾಕುವುದು ನನ್ನ ಕೆಲಸವಾಯಿತು. ಐದರ ಮೇಲೆ ಅವರು ಏರಲಿಲ್ಲ, ನಾನೂ ಕರುಣೆ ತೋರಲಿಲ್ಲ.

ಅವರು ಬರೆಯುತ್ತಿದ್ದುದು ಕಾಪಿ ಪೆನ್ಸಿಲ್ಲಿನಿಂದ, ಒದ್ದೆಯಾದರೆ ನೇರಳೆ ಬಣ್ಣ ಬಿಡುವಂಥದ್ದು. ಎರಡು ಶಬ್ದಕ್ಕೊಮ್ಮೆ ಅದರ ಮೊನೆಯನ್ನು ನಾಲಗೆಗೆ ಒತ್ತಿ ಒದ್ದೆ ಮಾಡುತ್ತಿದ್ದರು. ಹಾಗಾಗಿ ಅವರ ನಾಲಗೆ ಸದಾ ನೇರಳೆಹಣ್ಣು ತಿಂದವರ ಹಾಗೆ. ಒಬ್ಬ ಮಂತ್ರಿಗಳು ಸಭೆಯಲ್ಲಿ, ಇವರಿಗೆ ಏನೋ ಬೇನೆ ಇದೆ ಎಂದು ತಿಳಿದು ಡಾಕ್ಟರನ್ನು ಕಳಿಸಲೇ ಎಂದು ಕೇಳಿದರಂತೆ. ಇವರು ಬಿಟ್ಟಾರೆಯೇ, “ನನಗ ಬ್ಯಾಡ್ರಿ, ಹುಕ್ಕೇರಿಗೆ ಕಳಿಸ್ರಿ” ಅಂದರಂತೆ. ನಿಜವೋ ಕಟ್ಟಿದ್ದೋ ಗೊತ್ತಿಲ್ಲ. ಆದರೆ ಮುಂದಿನ ವರ್ಷ ಡಾಕ್ಟರು ಬಂದದ್ದಂತೂ ನಿಜ.

ಅವರ ಸಭೆ ಎಂದೂ ಉದ್ದವಾಗುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಜೈನರ ರೂಢಿಯಂತೆ ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಅವರಿಗಿಂತ ದೊಡ್ಡ ಭಾಷಣಕಾರರು ಜಿಲ್ಲೆಯಲ್ಲಿ ಬೇಕಾದಷ್ಟಿದ್ದರು. ಹಸಿವಾಗುತ್ತದೆಂದು ಭಾಷಣ ನಿಲ್ಲಿಸುವವರು ಇವರೊಬ್ಬರೇ. ಮಾತಾಡುವುದಕ್ಕೂ ಬರೆಯುವುದಕ್ಕೂ ಅವರದೊಂದು ನಿಯಮವಿತ್ತು. ಕೆಟ್ಟ ಸುದ್ದಿ ಮೊದಲು. “ಚಲೋ ಸುದ್ದಿ ಕಾಯತೈತ್ರಿ, ಕೆಟ್ಟದ್ದು ಕಾಯೂದಿಲ್ಲ” ಅನ್ನುವುದು ಅವರ ಮಾತು. ಇದೇ ನಿಯಮ ಮುಂದೆ ನಮ್ಮ ಕೊರಳಿಗೆ ಬಂತು.

ಹೊಳೆಗೆ ಡ್ಯಾಮು ಕಟ್ಟುತ್ತಾರೆ ಎಂಬ ಮಾತು ಹುಟ್ಟಿತು. ಸರ್ವೆಯವರು ಬಂದು ನಮ್ಮೂರ ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು. ಕಲ್ಲಿನ ಈಚೆ ಮುಳುಗುತ್ತದೋ ಆಚೆ ಮುಳುಗುತ್ತದೋ ಹೇಳುವವರಿಲ್ಲ. ಊರ ಲೆಕ್ಕ ಬರೆಯುವ ತಲಾಠಿಗಳಲ್ಲಿ ಒಬ್ಬ ಹೂಂ ಅಂದರೆ ಇನ್ನೊಬ್ಬ ಊಹೂಂ ಅನ್ನುತ್ತಿದ್ದ. ಆ ಬೇಸಿಗೆ ಊರಲ್ಲಿ ಯಾರೂ ಗೋಡೆಗೆ ಸುಣ್ಣ ಬಳಿಯಲಿಲ್ಲ, ಸೋರುವ ಹಂಚು ತಿರುವಲಿಲ್ಲ. ನೀರಿನಡಿ ಹೋಗುವ ಊರಿಗೆ ಹೆಣ್ಣು ಹೇಗೆ ಕೊಡುವುದೆಂದು ಬೀಗರಾಗಬೇಕಾದವರು ಮಾತು ಮುರಿದರು. ಶಾಲೆಯಲ್ಲಿ ಮಕ್ಕಳು, ನಮ್ಮ ಶಾಲೆ ಮುಳುಗುವಾಗ ಸೂಟಿ ಕೊಡುತ್ತೀರಾ ಎಂದು ಕೇಳುತ್ತಿದ್ದರು.

ಅಧಿವೇಶನಕ್ಕೆ ಹೊರಡುವ ಮುಂಚೆ ಆಮದಾರರು ಬಂದು ಚಾವಡಿಯ ಕಟ್ಟೆಯ ಮೇಲೆ ನಿಂತರು. “ಮುಳಗೂ ಊರಿನ ಯಾದಿ ಮಾಡ್ಯಾರ. ಅದನ್ನ ಇನ್ನೂ ಯಾರಿಗೂ ತೋರಿಸಿಲ್ಲ. ನಾ ತಗಸ್ತೇನಿ. ನಿಮ್ಮೂರು ಅದರಾಗ ಐತೋ ಇಲ್ಲೋ ನೋಡಿ ಬರೀತೇನಿ. ಅಲ್ಲೀತನಕ ತಲಾಠಿ ಮಾತೂ ನಂಬಬ್ಯಾಡ್ರಿ, ಸ್ವಾಮಿಗಳ ಮಾತೂ ನಂಬಬ್ಯಾಡ್ರಿ. ನನ್ನ ಕಾರ್ಡ ನಂಬ್ರಿ” ಅಂದರು. ಅಷ್ಟು ಹೇಳಿ ಊಟದ ಹೊತ್ತಾಯಿತೆಂದು ಹೋದರು.

ಮೂರು ವಾರಕ್ಕೆ ಕಾರ್ಡು ಬಂತು. ಎರಡೂವರೆ ಸಾಲು. ‘ನಿಮ್ಮ ಊರು ಬಿಡುವುದು ನಕ್ಕಿ ಆಯಿತು. ಚಿಂತೆ ಮಾಡಬೇಡಿರಿ. ಉಳಿದದ್ದು ಬಂದು ಹೇಳುತ್ತೇನೆ.’ ನಕ್ಕಿ ಅಂದರೆ ನಮ್ಮ ಕಡೆ ಖಾತ್ರಿ, ನಿಶ್ಚಯ.

ಚಾವಡಿಯ ಮುಂದೆ ಇಡೀ ಊರು ಕೂಡಿತ್ತು. ಓದುವಾಗ ‘ಬಿಡುವುದು’ ಅನ್ನುವಲ್ಲಿ ನನ್ನ ನಾಲಗೆ ಒಂದು ಗಳಿಗೆ ತಡೆಯಿತು. ಯಾರು, ಯಾರನ್ನು ಬಿಡುವುದು? ಆದರೆ ಅಷ್ಟು ಜನರ ಮುಂದೆ ಅಕ್ಕೋರು ತಡವರಿಸಿದರೆ ಹೇಗೆ? ಅಲ್ಲದೆ ಕೆಟ್ಟ ಸುದ್ದಿ ಮೊದಲು ಬರೆಯುವವರು, ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಆಮೇಲೆ ಚಿಂತೆ ಬೇಡ ಎಂದು ಸಮಾಧಾನವನ್ನೂ ಹೇಳಿದ್ದಾರೆ. ಗಟ್ಟಿಯಾಗಿ ಓದಿದೆ. ಗೌಡರು, “ಅಂದ್ರ ಊರ ಬಿಡಬೇಕಾತು” ಅಂದರು. ನಾನು ಹಲಗೆಯ ಮೇಲೆ ಬರೆದು ಮನೆಗೆ ಬಂದೆ. ತಿದ್ದಲು ಕೆಂಪು ಶಾಯಿ ತೆಗೆದರೆ, ಅವರು ಬರೆದ ಕಾರ್ಡುಗಳಲ್ಲೆಲ್ಲ ಅದೊಂದರಲ್ಲೇ ಒಂದೂ ತಪ್ಪಿರಲಿಲ್ಲ. ಹತ್ತಕ್ಕೆ ಹತ್ತು ಹಾಕಿ ಅತ್ತೆ.

ಊರಿನ ಗಂಡಸರು ಮರುದಿನದಿಂದ ಕೂಡಿ ಕೂಡಿ ಮಾತಾಡಿದರು. ಬಾಳವ್ವ ಮಾತಾಡಲಿಲ್ಲ. ಬಾಳವ್ವ ನಮ್ಮ ಶಾಲೆಯ ಎದುರು ಮನೆಯ ವಿಧವೆ, ಇಬ್ಬರು ಗಂಡುಮಕ್ಕಳ ತಾಯಿ. ಆ ಮನೆಯ ಸಾಗವಾನಿ ಬಾಗಿಲು, ಚೌಕಟ್ಟು, ಹೊಸ್ತಿಲು ಎಲ್ಲ ಗಂಡ ಬದುಕಿದ್ದಾಗ ಕೂತು ಕೆತ್ತಿಸಿದ್ದು. ಸರಕಾರವನ್ನು, ಸ್ವಾಮಿಗಳನ್ನು, ಸ್ವಂತ ಮಕ್ಕಳನ್ನು ಕೂಡ ಆಕೆ ನಂಬುತ್ತಿರಲಿಲ್ಲ, ಕಾರ್ಡನ್ನು ನಂಬುತ್ತಿದ್ದಳು. “ಆ ಮನಷ್ಯಾ ಬರದಾನಂದ್ರ ಮುಗೀತು. ಮಳಿ ಬರೂದ್ರಾಗ ನನ್ನ ತಮ್ಮನ ಊರಾಗ ಗ್ವಾಡಿ ಎಬ್ಬಸ್ಬೇಕು” ಎಂದು ಮೂರನೆಯ ದಿನ ಮಕ್ಕಳನ್ನು ಮೇಲೆ ಹತ್ತಿಸಿ ಹಂಚು ಇಳಿಸಿದಳು. ನಾಲ್ಕನೆಯ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ನೀರೆರೆದು, ಕೀಳಿಸಿದಳು. ಹಾರೆಯ ಸದ್ದಿಗೆ ಪಾಠ ನಿಲ್ಲಿಸಿ ನಾನು ಹೊರಗೆ ಬಂದು ನಿಂತೆ. ನನ್ನ ಕಣ್ಣು ನೋಡಿ ಆಕೆಯೇ, “ನೀವ್ಯಾಕ ಅಳತೀರಿ ಅಕ್ಕೋರ? ನೀವು ಓದಿದ್ರಿ, ಅಷ್ಟ” ಅಂದಳು.

ಮರುದಿನ ಆಕೆಯ ಹಿರಿಮಗ ಬಾಗಿಲು, ಚೌಕಟ್ಟು, ಹೊಸ್ತಿಲನ್ನು ಚಕ್ಕಡಿಗೆ ಹೇರಿಕೊಂಡು ಸೋದರಮಾವನ ಊರಿಗೆ ಹೊರಟ. ದಾರಿಯಲ್ಲಿ ಹುಕ್ಕೇರಿ. ಅಲ್ಲಿ ಸಂತೆ. ಬೆಳಗಾವಿ ಕಡೆಯ ಬಸ್ಸಿನಿಂದ ಆಮದಾರರು ಆಗತಾನೇ ಇಳಿದು ಸಂತೆಯ ಬಾಯಲ್ಲಿ ನಿಂತಿದ್ದರು. ಅಲ್ಲಿ ನಡೆದದ್ದನ್ನು ಆ ಹುಡುಗ ಆಮೇಲೆ ಊರಿಗೆಲ್ಲ ಹೇಳಿದ.

“ಏನಪಾ, ಬಾಗಲಾ ಎಲ್ಲಿಗೆ ಹೊಂಟೈತಿ?”

“ಮಾವನ ಊರಿಗ್ರಿ. ಊರ ಬಿಡಬೇಕಲ್ರಿ.”

“ಯಾರಂದ್ರು?”

“ನೀವ ಬರದಿದ್ರೆಲ್ಲರಿ.”

ಆಮದಾರರು ಎತ್ತಿನ ಹಗ್ಗ ಹಿಡಿದು ಚಕ್ಕಡಿಯನ್ನು ನಡುಸಂತೆಯಲ್ಲೇ ತಿರುಗಿಸಿದರಂತೆ. ಮೇಲೆ ಹತ್ತಿ ಚೌಕಟ್ಟಿಗೆ ಬೆನ್ನು ಕೊಟ್ಟು ಕೂತು, ಹೊಡಿ ಅಂದರಂತೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಶಾಲೆಯ ಮುಂದೆ ಬಂದು ಇಳಿದಾಗ ಟೋಪಿಯ ಮೇಲೆಲ್ಲ ಧೂಳು.

“ಅಕ್ಕೋರ, ನನ್ನ ಕಾರ್ಡ ತಗೀರಿ. ಓದ್ರಿ.”

ಓದಿದೆ.

“ಇನ್ನೊಮ್ಮಿ ಓದ್ರಿ.”

ಓದಿದೆ. ಅವರು ಮಕ್ಕಳ ಮಣೆಯ ಮೇಲೆ ಕೂತರು.

“ನಾ ಬರದದ್ದು ಹಂಗಲ್ರಿ.”

“ಅಕ್ಷರ ನಿಮ್ಮವ ಅದಾವ್ರಿ” ಅಂದೆ. ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟು.

“ಯಾದಿಯೊಳಗಿಂದ ಬಿಟ್ಟಾರ್ರಿ. ನಿಮ್ಮೂರು ಯಾದಿಯೊಳಗಿಂದ ಬಿಟ್ಟಾರ. ಅದನ್ನ ಬರದೇನ್ರಿ ನಾ. ಊರು ಬಿಡೂದು ನಕ್ಕಿ ಆತು ಅಂತ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಊರು ಮುಳುಗುವುದಿಲ್ಲ. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ಅಧಿಕಾರಿಗಳು ಯಾದಿಯಿಂದ ಊರನ್ನು ಬಿಟ್ಟಿದ್ದಾರೆ, ನಾವು ಊರನ್ನು ಬಿಡುವುದೆಂದು ಓದಿದ್ದೇವೆ. ‘ಯಾದಿಯಿಂದ’ ಅನ್ನುವ ಒಂದು ಶಬ್ದ ಇದ್ದಿದ್ದರೆ, ಬಾಳವ್ವನ ಮನೆಯ ಮೇಲೆ ಹಂಚು ಇರುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಗಂಟೆ ಬಾರಿಸಿ ಮಕ್ಕಳನ್ನು ಮನೆಗೆ ಓಡಿಸಿದೆ. ಅವರಿಗಿಂತ ಬೇಗ ಊರನ್ನು ಕೂಡಿಸುವವರು ಇಲ್ಲ.

ಚಾವಡಿಯಲ್ಲಿ ಆಮದಾರರು ಭಾಷಣ ಮಾಡಲಿಲ್ಲ. ಹಲಗೆಯನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿ ತಾವೇ ಬರೆದರು. ‘ಮುಳುಗುವ ಊರಿನ ಯಾದಿಯಲ್ಲಿ ಈ ಊರು ಇಲ್ಲ. ಈ ಊರಿನವರು ಎಲ್ಲಿಗೂ ಹೋಗುವದಿಲ್ಲ.’ ಮುಂದೆ ಕೂತಿದ್ದ ಕುರುಬರ ಹಿರಿಯನೊಬ್ಬನ ಕಡೆ ತಿರುಗಿ, ಅದನ್ನು ಓದಿ ಹೇಳಿದರು. “ಈಗ ನಾ ಏನಂದೆ, ತಿರಿಗಿ ಹೇಳ್ರಿ” ಅಂದರು. ಅಕ್ಷರ ಬಾರದ ಆ ಹಿರಿಯ ಎದ್ದು ನಿಂತು, “ನಾವು ಇಲ್ಲೇ ಇರತೇವ್ರಿ” ಅಂದ.

ಒಬ್ಬರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಗೌಡರು ಎಲೆ ಅಡಿಕೆಯ ಚೀಲ ಬಿಚ್ಚಿ ಎಲ್ಲರ ಮುಂದೆ ಹಿಡಿದರು. ಬಿಗಿಮುಷ್ಟಿಯ ಗೌಡರು ಅದನ್ನು ಹಾಗೆ ಬಿಚ್ಚಿದ್ದು ಅದೇ ಮೊದಲು. ಹೆಂಗಸರ ಕಡೆಯಿಂದ ಯಾರೋ, “ಹಂಗಾರ ನಾಳಿ ಗ್ವಾಡಿಗೆ ಸುಣ್ಣಾ ಹಚ್ಚಾಕ ಅಡ್ಡಿಲ್ಲ” ಅಂದರು. ನಾನು ಮಾತ್ರ ಕಂಬದ ಹಿಂದೆ ಸರಿದು ನಿಂತೆ. ಓದಿದ್ದು ನಾನು. ಆಗ ಆಮದಾರರು ಹೇಳಿದರು.

“ಅಕ್ಕೋರಿಗೆ ಯಾರೂ ಏನೂ ಅನಬ್ಯಾಡ್ರಿ. ಬರದಾಂವ ನಾ. ತಪ್ಪು ನಂದು.”

ಬಾಳವ್ವ ಬಿಡಲಿಲ್ಲ. ಎದ್ದು ಬಂದು ಅವರ ಮುಂದೆ ನಿಂತಳು. “ನನ್ನ ಗಂಡ ಸತ್ತಾಗ ಆ ಹೊಸ್ತಲಾ ಹಿಡಕೊಂಡ ಅತ್ತಿದ್ನೋ ಯಪ್ಪಾ. ಕೀಳಿಸಿದೆಲ್ಲೋ ನನ್ನ ಕೈಲೆ. ಸರಕಾರ ಹೇಳಿದ್ರ ಕೇಳತಿದ್ದಿಲ್ಲ ನಾ. ನೀ ಬರದಿ ಅಂತ ಕಿತ್ತೆ.”

ಆಮದಾರರು ತಲೆ ತಗ್ಗಿಸಿ, “ಬೈಯವ್ವಾ. ಪೂರಾ ಬೈ” ಅಂದರು. ಆಕೆ ಪೂರಾ ಬೈದಳು. ಅದನ್ನು ಇಲ್ಲಿ ಬರೆಯಲಾರೆ, ನಾನು ಅಕ್ಕೋರು.

ಬೈದು ಮುಗಿದ ಮೇಲೆ ಬಡಿಗೇರನಿಗೆ ಹೇಳಿಕಳಿಸಿದರು. ಹೊಸ್ತಿಲು ಕೂರಿಸಿ, ಚೌಕಟ್ಟು ನಿಲ್ಲಿಸಿ, ಬಾಗಿಲು ಏರಿಸುವವರೆಗೆ ಆಮದಾರರು ಅಂಗಳ ಬಿಟ್ಟು ಕದಲಲಿಲ್ಲ. ಕಲ್ಲು ಹೊತ್ತರು, ಮಣ್ಣು ಕಲಸುವವರಿಗೆ ನೀರು ಕೊಟ್ಟರು. ಹೊಸ್ತಿಲು ಕೂತಾಗ ಹಿರಿಯರಲ್ಲಿ ಒಂದು ಮಾತು ಬಂತು. ಹೊಸದಾಗಿ ಕೂರಿಸಿದ ಹೊಸ್ತಿಲು ಮೊದಲು ಮುತ್ತೈದೆ ದಾಟಬೇಕು, ವಿಧವೆ ದಾಟಬಾರದು. ಬಾಳವ್ವ ತಾನಾಗಿಯೇ ಗೋಡೆಯ ಮರೆಗೆ ಸರಿದಳು.

“ಹೊಸಾ ಮನಿ ಯಾವುದ್ರಿ?” ಅಂದರು ಆಮದಾರರು. “ಇದು ಆಕಿನ ಹಳೇ ಮನಿ. ಆಕಿ ಸಂತಿಗೆ ಹೋಗಿ ಬಂದಾಳ ಅಂತ ತಿಳೀರಿ. ತನ್ನ ಮನಿ ಒಳಗ ಹೋಗಾಕ ಆಕಿ ಯಾರ ಹಿಂದ ಯಾಕ ನಿಂದ್ರಬೇಕು?”

ಹಿರಿಯರು ದಾರಿ ಬಿಟ್ಟರು. ಬಾಳವ್ವ ಕಾಲು ತೊಳೆದುಕೊಂಡು, ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋದಳು. ಮೇಲೆ ಹಂಚು ಇರಲಿಲ್ಲ, ಆಕಾಶ ಕಾಣುತ್ತಿತ್ತು. ಬಿಸಿಲು ಆರಿತ್ತು. ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಹೊರಗೆ ತಂದಾಗ ಹೊತ್ತು ಮುಳುಗಿಬಿಟ್ಟಿತ್ತು. ಆಮದಾರರು ಕೈ ಮುಗಿದು, ನೀರೂ ಮುಟ್ಟದೆ ಹೊರಟರು. ಮನೆಗೆ ಬಂದವರು ಉಪವಾಸ ಹೋದರೆಂದು ಬಾಳವ್ವನಿಗೆ ಹೊಸ ಸಿಟ್ಟು. ಮುಂದಿನ ಸಲ ಮಧ್ಯಾಹ್ನವೇ ಬಾ ಎಂದು ದಾರಿಯವರೆಗೆ ಕೂಗುತ್ತ ಹೋದಳು.

ಆಮೇಲೆ ಅವರ ಕಾರ್ಡುಗಳು ಉದ್ದವಾದವು. ಬೆಂಗಳೂರಿನಲ್ಲಿ ಬರೆದದ್ದನ್ನು ಅಂಚೆಗೆ ಹಾಕುವ ಮೊದಲು ತಾವಿದ್ದ ಕಡೆಯ ಅಡಿಗೆಯವನಿಗೆ ಓದಿ ಹೇಳಿ, ತಿರಿಗಿ ಹೇಳು ಅನ್ನುತ್ತಿದ್ದರಂತೆ. ಅವನು ತಪ್ಪು ಹೇಳಿದರೆ ಕಾರ್ಡು ಹರಿದು ಹೊಸದು ಬರೆಯುತ್ತಿದ್ದರಂತೆ. ಕಾಗುಣಿತ ಸುಧಾರಿಸಲಿಲ್ಲ. ಅರ್ಥ ಮಾತ್ರ ಮತ್ತೆಂದೂ ಕೆಡಲಿಲ್ಲ. ಆದರೂ ಎದುರಾಳಿಗಳು ಬಿಡಲಿಲ್ಲ. ಮನೆ ಮುರಿಸಿದ ಆಮದಾರ ಎಂದು ಊರೂರಿಗೆ ಹೇಳಿಕೊಂಡು ಬಂದರು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಅಕ್ಕೋರು ತಪ್ಪು ಓದಿದರು ಅನ್ನುವ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಗೆಲ್ಲುತ್ತಿದ್ದರೋ ಏನೋ. ಬರಲಿಲ್ಲ. ಅದೇ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಸೋತ ವರ್ಷ ಮಳೆಗಾಲದಲ್ಲಿ ಗೋಕಾಕದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ.

“ಆವತ್ತು ಆ ಕಾರ್ಡ ಓದೂ ಮುಂದ ನನಗ ಒಂದ ಸಂಶೇ ಬಂದಿತ್ರಿ. ಬಿಡೂದಂದ್ರ ಯಾರು ಬಿಡೂದು ಅಂತ. ಮಂದಿ ಮುಂದ ಸಣ್ಣಾಕಿ ಆಗತೇನಿ ಅಂತ ಬಾಯಿ ಬಿಡಲಿಲ್ಲ. ಒಂದ ಮಾತ ಅಂದಿದ್ರ ಬಾಳವ್ವನ ಮನಿ ಉಳೀತಿತ್ತು. ನೀವೂ ಉಳೀತಿದ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

“ಅಕ್ಕೋರ, ಖರೆ ಹೇಳ್ಲಿ? ನನಗೂ ಬರೀವಾಗ ಬಂದಿತ್ರಿ ಆ ಸಂಶೇ. ಟಪಾಲ ಹೋಗೂ ಹೊತ್ತಾಗಿತ್ತು. ಅಕ್ಕೋರು ಶ್ಯಾಣೇರದಾರ, ಅವರಿಗೆ ತಿಳೀತೈತಿ ಅಂತ ಹಂಗ ಹಾಕಿದೆ.”

ನಾನು ಅವರನ್ನು ನಂಬಿ ಓದಿದ್ದೆ, ಅವರು ನನ್ನನ್ನು ನಂಬಿ ಬರೆದಿದ್ದರು. ಇಬ್ಬರೂ ನಗತೊಡಗಿದೆವು. ಎದುರಿನ ಬಾಕಿನ ಮೇಲೆ ಕೂತಿದ್ದವರು ಸೋತ ಆಮದಾರನಿಗೆ ಇದೇನು ನಗು ಎಂದು ನೋಡುತ್ತಿದ್ದರು. ಎಷ್ಟೋ ವರ್ಷದ ಭಾರ ಇಳಿದು ನನಗೆ ಮೈ ಹಗುರಾಗಿತ್ತು. ಅಷ್ಟರಲ್ಲಿ ಹುಕ್ಕೇರಿ ಬಸ್ಸು ಬಂತು. ಅವರು ಎದ್ದು ಚೀಲ ಹೆಗಲಿಗೇರಿಸಿ, “ಬಾಳವ್ವ ಮಧ್ಯಾಹ್ನ ಊಟಕ್ಕ ಕರದಾಳ್ರಿ, ಬರತೇನಿ” ಎಂದು ಹತ್ತಿ ಹೋದರು.